ತರಂಗ ಸರಕಾಗುವ ತಾಣ

ಬೈಲಹೊಂಗಲ, ಸವದತ್ತಿ ಕಡೆಯ ಎರಿಹೊಲಗಳಲ್ಲಿ ರಾತ್ರಿ ತ್ರೀಫೇಸ್ ಬಂತೆಂದರೆ ರೈತ ಬ್ಯಾಟರಿ ಹಿಡಿದು ಬಾವಿಗೆ ನಡೆಯಬೇಕಿತ್ತು. ಈಗ ಎಷ್ಟೋ ಸ್ಟಾರ್ಟರ್ ಪೆಟ್ಟಿಗೆಗಳಲ್ಲಿ ಸಿಮ್ ಕೂತಿದೆ. ಮಲಗಿದಲ್ಲಿಂದಲೇ ಫೋನ್ ಒತ್ತಿದರೆ ಮೋಟರ್ ಚಾಲೂ. ಆದರೆ ಸಿಮ್ಮಿಗೆ ಟವರ್ ಬೇಕು. ರಾಮದುರ್ಗದ ಗುಡ್ಡಗಳ ಮರೆಗೆ ಸಿಗ್ನಲ್ ಹೋಯಿತೆಂದರೆ ಮತ್ತೆ ಕತ್ತಲಲ್ಲಿ ಕಾಲ್ನಡಿಗೆಯೇ.

ಮೊಬೈಲ್ ಟವರಿನ ಹಂಗಿಲ್ಲದೆ ಕೆಲವು ಕಿಲೋಮೀಟರ್ ಕ್ರಮಿಸುವ ರೇಡಿಯೊ ಒಂದಿದೆ. ಅದರ ಹೆಸರು ಲೋರಾ. ಅದು ಹೊರುವ ಮಾಹಿತಿ ಕಡಿಮೆ, ತಿನ್ನುವ ವಿದ್ಯುತ್ತೂ ಕಡಿಮೆ. ಅದಕ್ಕೆ ಬೇಕಾದ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಗೆ ನಮ್ಮಲ್ಲಿ 2005ರಿಂದಲೇ ಲೈಸೆನ್ಸ್ ಬೇಕಿಲ್ಲ. ಮಣ್ಣಿನ ತೇವ ಅಳೆದು ಸುದ್ದಿ ಕಳಿಸುವ ಇಂಥ ಯಂತ್ರವನ್ನು ಎಂಜಿನಿಯರಿಂಗ್ ಓದುವ ಹುಡುಗಿ ಹಾಸ್ಟೆಲ್ ಕೋಣೆಯಲ್ಲೇ ಜೋಡಿಸಬಲ್ಲಳು. ಕಷ್ಟ ಶುರುವಾಗುವುದು ಮಾರಲು ಹೊರಟಾಗ. ಆಂಟೆನಾ ಪರೀಕ್ಷೆಯಾಗಬೇಕು, ಕೇಂದ್ರದ ವೈರ್‌ಲೆಸ್ ವಿಭಾಗದ ಒಪ್ಪಿಗೆ ಬೇಕು, ಮಳೆ ಬಿಸಿಲು ತಡೆಯುವ ಡಬ್ಬಿ ಬೇಕು. ಕಬ್ಬಿನ ಬಿಲ್ ಬಂದ ಮೇಲಷ್ಟೇ ದುಡ್ಡು ಕೊಡಬಲ್ಲ ಗಿರಾಕಿಗಾಗಿ ಕಾಯುವ ತಾಕತ್ತೂ ಬೇಕು.

ಈ ನಡುಹಾದಿಯ ಆಸರೆಯೇ ಇನ್‌ಕ್ಯುಬೇಷನ್ ಕೇಂದ್ರ. ಕಿತ್ತೂರಿನಲ್ಲಿ ಹೆದ್ದಾರಿ ಹಿಡಿದು ಧಾರವಾಡ ದಾಟಿದರೆ ಹುಬ್ಬಳ್ಳಿ. ಅಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ತನ್ನದೇ ಕೇಂದ್ರ ನಡೆಸುತ್ತಿದೆ. ದೇಶಪಾಂಡೆ ಫೌಂಡೇಷನ್ನಿನ ಸ್ಯಾಂಡ್‌ಬಾಕ್ಸ್ ಸ್ಟಾರ್ಟಪ್ಸ್ ಇನ್ನೊಂದು. ಇಂಥ ಕಡೆ ಕೂರಲು ಜಾಗ, ಉಪಕರಣ, ಅನುಭವಿಗಳ ಸಲಹೆ ಸಿಗುತ್ತದೆ, ಸರ್ಕಾರಿ ಅನುದಾನದ ದಾರಿಯೂ ಗೊತ್ತಾಗುತ್ತದೆ. ಮಾದರಿ ಯಂತ್ರ ಕಟ್ಟಲು ಕೇಂದ್ರ ಸರ್ಕಾರದ ನಿಧಿ-ಪ್ರಯಾಸ್ ಯೋಜನೆ 10 ಲಕ್ಷದವರೆಗೆ, ಕಂಪನಿ ಬೆಳೆಸಲು ರಾಜ್ಯದ ಎಲಿವೇಟ್ 50 ಲಕ್ಷದವರೆಗೆ ಕೊಡುತ್ತವೆ.

ಫೌಂಡೇಷನ್ನಿನ ಹಿಂದಿರುವ ಗುರುರಾಜ ದೇಶಪಾಂಡೆ ಹುಬ್ಬಳ್ಳಿಯವರು, ಅಮೆರಿಕದಲ್ಲಿ ಕ್ಯಾಸ್ಕೇಡ್, ಸಿಕಮೋರ್ ಎಂಬ ದೂರಸಂಪರ್ಕ ಕಂಪನಿಗಳನ್ನು ಕಟ್ಟಿದವರು. 2002ರಲ್ಲಿ ಅವರೂ ಪತ್ನಿ ಜಯಶ್ರೀಯವರೂ ಕೊಟ್ಟ 2 ಕೋಟಿ ಡಾಲರಿನಿಂದ ಅಲ್ಲಿಯ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದು ಕೇಂದ್ರ ಎದ್ದಿತು. ಪ್ರಯೋಗಾಲಯದಲ್ಲೇ ಉಳಿದುಬಿಡುವ ಸಂಶೋಧನೆಗೆ ಹಣ ಮತ್ತು ಮಾರ್ಗದರ್ಶಿಗಳನ್ನು ಕೊಟ್ಟು ಹೊರಗೆ ತರುವುದೇ ಅದರ ಕೆಲಸ. 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ನೆಟ್‌ವರ್ಕ್ಸ್‌ಗೂ ಅವರ ಬೆಂಬಲವಿತ್ತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಸುಮಾರು 1 ಲಕ್ಷ ತಾಣಗಳ ರೇಡಿಯೊ ಉಪಕರಣ ಒದಗಿಸಿದ್ದು ಇದೇ ತೇಜಸ್. ಬೀಜಕ್ಕೂ ಫಲಕ್ಕೂ ನಡುವೆ ಎರಡು ದಶಕ!

ಆ ಕಾಯುವಿಕೆಯ ಬೆಲೆ ಇನ್ನೂ ಚೆನ್ನಾಗಿ ಕಾಣುವುದು ಆಸ್ಟ್ರೋಮ್‌ನಲ್ಲಿ. 2015ರಲ್ಲಿ ನೇಹಾ ಸಾಟಕ್, ಪ್ರಸಾದ್ ಭಟ್ ಕಟ್ಟಿದ ಈ ಕಂಪನಿ ಬೆಳೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ. ಮೊದಲ ಕನಸು ಉಪಗ್ರಹಗಳ ಸಮೂಹದಿಂದ ಇಂಟರ್‌ನೆಟ್ ಕೊಡುವುದು. ಅದಕ್ಕೆಂದು ರೂಪಿಸಿದ ಮಿಲಿಮೀಟರ್ ತರಂಗದ ತಂತ್ರವನ್ನು ಆಮೇಲೆ ನೆಲಕ್ಕಿಳಿಸಿದರು. ಒಂದೇ ಸಾಧನದಿಂದ ಏಕಕಾಲಕ್ಕೆ ಹಲವು ಟವರ್‌ಗಳನ್ನು ಬೆಸೆಯುವ ಗಿಗಾಮೆಶ್ ಆಯಿತು. ಕೇಬಲ್ ಅಗೆಯದೆ ಹಳ್ಳಿ ಮುಟ್ಟಬಹುದು. ಬಾಡಿಗೆ ಕಟ್ಟುವ ಚಿಂತೆಯಲ್ಲಿದ್ದವರಿಗೆ ಹೀಗೆ ದಾರಿ ಬದಲಿಸುವ ಪುರುಸೊತ್ತು ಸಿಗುವುದಿಲ್ಲ. ಕೇಂದ್ರಗಳು ಕೊಡುವ ಅತಿ ದೊಡ್ಡ ನೆರವು ಈ ಪುರುಸೊತ್ತೇ ಎಂದು ನನಗನ್ನಿಸುತ್ತದೆ.

ನನ್ನದೊಂದು ಆಸೆ. ಹುಬ್ಬಳ್ಳಿಯ ಕೇಂದ್ರಗಳ ಪ್ರಯೋಗದ ಹೊಲ ಮಲಪ್ರಭೆಯ ದಂಡೆಯಲ್ಲಿರಲಿ. 2019ರ ಆಗಸ್ಟಿನಲ್ಲಿ ಆ ಹೊಳೆ ರಾಮದುರ್ಗದ ಹಳ್ಳಿಗಳಿಗೆ ನುಗ್ಗಿದ್ದನ್ನು ಇಲ್ಲಿಯ ಜನ ಮರೆತಿಲ್ಲ. ನವಿಲುತೀರ್ಥ ಅಣೆಕಟ್ಟಿನ ಕೆಳಗಿನ ಊರೂರಿಗೂ ನೀರಿನ ಮಟ್ಟ ಸಾರುವ ಪುಟ್ಟ ರೇಡಿಯೊಗಳನ್ನು ಒಂದು ಪೂರ್ತಿ ಮಳೆಗಾಲ ಇಟ್ಟು ನೋಡಬೇಕು. ಯಂತ್ರ ಕಂಡ ರೈತ ಮೊದಲು ಕೇಳುವುದು, "ಕೆಟ್ಟರ ಯಾರ ಬರತೀರಿ?" ಎಂದು. ಬರಬಲ್ಲವರು ಊರಲ್ಲೇ ಇದ್ದಾರೆ. ಮುನವಳ್ಳಿ, ಬೈಲಹೊಂಗಲದ ಮೋಟರ್ ರಿವೈಂಡಿಂಗ್ ಅಂಗಡಿಗಳ ಹುಡುಗರನ್ನು ಹುಬ್ಬಳ್ಳಿಗೆ ಕರೆಸಿ ಒಂದು ತಿಂಗಳು ಈ ಯಂತ್ರಗಳನ್ನು ಬಿಚ್ಚಿ ಜೋಡಿಸಲು ಕಲಿಸಿದರೆ ಸಾಕು.