ಬೆತ್ತ ಹೋಯಿತು, ಮುಂದೇನು?

ತರಗತಿಯಲ್ಲಿ ಇಬ್ಬರು ಮಕ್ಕಳು ಹೊಡೆದಾಡಿಕೊಂಡರೆ ಹಿಂದೆ ಮೇಷ್ಟರ ಬೆತ್ತ ತೀರ್ಪು ಕೊಡುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿತು. ನಿಷೇಧ ಸರಿಯಾದದ್ದೇ. ಆದರೆ ಬೆತ್ತದ ಜಾಗಕ್ಕೆ ನಾವು ತಂದದ್ದೇನು? ಬಹುಮಟ್ಟಿಗೆ, ‘ಇಬ್ಬರೂ ಕ್ಷಮೆ ಕೇಳಿ’ ಎಂಬ ಆಜ್ಞೆ ಮಾತ್ರ. ಕ್ಷಮೆ ಬಾಯಿಂದ ಬರುತ್ತದೆ. ಸಿಟ್ಟು ಒಳಗೇ ಉಳಿಯುತ್ತದೆ.

ತನ್ನ ಸಿಟ್ಟನ್ನು ಗುರುತಿಸುವುದು, ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು, ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಹುಡುಕುವುದು ಮಗ್ಗಿಯಂತೆ ಅಭ್ಯಾಸದಿಂದ ಒಲಿಯುವ ವಿದ್ಯೆಗಳು. ಬರೀ ನೀತಿಬೋಧೆ ಸಾಲದು. ದೆಹಲಿ ಸರ್ಕಾರ 2018ರಲ್ಲಿ ತನ್ನ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೇ ತರಗತಿಯವರೆಗೆ ‘ಹ್ಯಾಪಿನೆಸ್’ ಪಠ್ಯಕ್ರಮ ಆರಂಭಿಸಿದಾಗ ಕಥೆ, ಚಟುವಟಿಕೆ, ಧ್ಯಾನಗಳಿಗೆ ಪ್ರತ್ಯೇಕ ಅವಧಿ ನೀಡಿತು, ಪರೀಕ್ಷೆ ಇಡಲಿಲ್ಲ.

ಇದರಿಂದ ಪಾಠಕ್ಕೆ ಹಿನ್ನಡೆಯಾದೀತೆಂಬ ಪಾಲಕರ ಆತಂಕ ಸಹಜ. ಆದರೆ ಇಂತಹ 213 ಕಾರ್ಯಕ್ರಮಗಳನ್ನು, ಸುಮಾರು 2.7 ಲಕ್ಷ ವಿದ್ಯಾರ್ಥಿಗಳ ಮಾಹಿತಿಯೊಂದಿಗೆ ಪರಿಶೀಲಿಸಿ ಅಮೆರಿಕದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಬೇರೆಯದನ್ನೇ ಹೇಳುತ್ತದೆ: ಮಕ್ಕಳ ನಡವಳಿಕೆಯ ಜೊತೆಗೆ ಕಲಿಕೆಯೂ ಸುಧಾರಿಸಿತ್ತು. ಹೊರಗಿನ ತಜ್ಞರೇ ಬೇಕೆಂದಿಲ್ಲ, ತರಗತಿಯ ಶಿಕ್ಷಕರೇ ಇದನ್ನು ಕಲಿಸಬಲ್ಲರೆಂಬುದೂ ಅದರಲ್ಲಿ ಕಂಡುಬಂತು.

ಹಾಗಾದರೆ ಮೊದಲ ತರಬೇತಿ ಶಿಕ್ಷಕರಿಗೇ ಸಲ್ಲಬೇಕು. ಕಿಕ್ಕಿರಿದ ತರಗತಿ, ಮುಗಿಯದ ಪಠ್ಯ, ಮೇಲಿನವರ ಒತ್ತಡಗಳ ನಡುವೆ ಅವರ ತಾಳ್ಮೆಗೂ ಆಸರೆ ಬೇಕು. ಏಕೆಂದರೆ ಮಕ್ಕಳು ಸಿಟ್ಟಿನ ಪಾಠವನ್ನು ಪುಸ್ತಕದಿಂದ ಕಲಿಯುವುದಿಲ್ಲ. ತಮ್ಮ ಗುರುಗಳು ಸಿಟ್ಟಾದಾಗ ಏನು ಮಾಡುತ್ತಾರೆಂಬುದನ್ನು ನೋಡಿ ಕಲಿಯುತ್ತಾರೆ.