ಅಂಗೈಯಲ್ಲಿ ಕೂರುವ ಗುಂಡು

ಏಳೆಂಟು ವರ್ಷ ಓಡಿದ ಕಾರು. ಕಚೇರಿ ತಲುಪಿ ಕೈ ತೊಳೆಯಲು ಹೋದರೆ ಅಂಗೈ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಕಪ್ಪು ಚೂರುಗಳು. ಗೇರ್ ನಾಬಿಗೆ ಹೊದಿಸಿದ್ದು ಚರ್ಮ ಎಂದು ಇಷ್ಟು ದಿನ ನಂಬಿದ್ದು ಚರ್ಮವಲ್ಲ, ರೆಕ್ಸಿನ್. ಬೆವರು, ಬಿಸಿಲು, ಉಜ್ಜಾಟ ಸೇರಿ ಅದರ ಸಿಪ್ಪೆ ಏಳಿಸಿವೆ. ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಮೇಲಿನ ಬೆಳ್ಳಿ ಲೇಪ ಎದ್ದು, ಅದರ ಅಂಚು ಬ್ಲೇಡಿನಂತೆ ಬೆರಳಿಗೆ ತಾಗುತ್ತದೆ. ಗೇರ್ ನಾಬ್ ಬದಲಿಸುವ ಯೋಚನೆ ಬಹಳಷ್ಟು ಜನರಿಗೆ ಬರುವುದು ಹೀಗೆ, ಶೋಕಿಯಿಂದಲ್ಲ.

ಬೆಂಗಳೂರಿನವರಾದರೆ ಕಾರು ಜೆ.ಸಿ. ರಸ್ತೆಯ ಕಡೆ ತಿರುಗುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಸೀಟ್ ಕವರ್, ಮ್ಯಾಟ್, ಹಾರ್ನ್‌ಗಳ ನಡುವೆ ನಾಬುಗಳಿಗೂ ಜಾಗವಿರುತ್ತದೆ: ಹೊಳೆಯುವ ಸ್ಟೀಲ್ ಗುಂಡು, ಕೆಂಪು ಹೊಲಿಗೆಯ ಕಪ್ಪು ನಾಬ್, ಕಾರ್ಬನ್ ಫೈಬರಿನಂತೆ ಕಾಣುವ ಪ್ಲಾಸ್ಟಿಕ್, ಒಳಗೆ ಹೂವಿಟ್ಟಂತಿರುವ ಅಕ್ರಿಲಿಕ್. ಗಿರಾಕಿ ಕಣ್ಣಿಂದ ಆರಿಸುತ್ತಾನೆ, ಅಂಗಡಿಯವನು ಕಣ್ಣಿಗೇ ಮಾರುತ್ತಾನೆ. ಕಾರಿನೊಳಗೆ ಸ್ಟಿಯರಿಂಗ್ ಬಿಟ್ಟರೆ ಕೈ ಅತಿ ಹೆಚ್ಚು ಮುಟ್ಟುವ ವಸ್ತು ಇದು. ಓಡಿಸುವಾಗ ಯಾರೂ ನೋಡದ ವಸ್ತುವೂ ಇದೇ. ಇದನ್ನು ಕೈಯಿಂದಲೇ ಆರಿಸಬೇಕು.

ಭಾರತದ ಚಾಲಕರಿಗೆ ಈ ಗುಂಡಿನ ಸಹವಾಸ ತೀರ ಹಳೆಯದೂ ಅಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಬಹುಕಾಲ ಗೇರ್ ಕಡ್ಡಿ ಇದ್ದದ್ದು ಸ್ಟಿಯರಿಂಗ್ ಪಕ್ಕದಲ್ಲಿ. ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಲು ಅದು ಅನುಕೂಲವಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಗೇರ್ ನೆಲದ ಮೇಲಿತ್ತು, ಅದು ಮನೆಮನೆಗೂ ಹೋಯಿತು. ಎಡಗೈ ಕೆಳಗಿಳಿಯುವುದನ್ನು ಒಂದು ತಲೆಮಾರು ಕಲಿತದ್ದು ಅದರಲ್ಲಿ.

ನಾಬ್ ಒಂದು ಕಾರಿನ ಗುರುತೇ ಆಗಿಬಿಟ್ಟ ಕಥೆ ಜರ್ಮನಿಯದು. ಫೋಕ್ಸ್‌ವ್ಯಾಗನ್ 1976ರಲ್ಲಿ ಗಾಲ್ಫ್ ಜಿಟಿಐ ತಂದಾಗ ಒಳಾಂಗಣದ ಬಟ್ಟೆ, ಬಣ್ಣದ ಕೆಲಸ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ವಿನ್ಯಾಸಕಿಯ ಕೈಯಲ್ಲಿತ್ತು. ಅದಕ್ಕೂ ಮುಂಚೆ ಪಿಂಗಾಣಿಯ ಮೇಲೆ ಚಿತ್ರ ಬರೆಯುತ್ತಿದ್ದ ಹೆಣ್ಣುಮಗಳು. ಸೀಟಿಗೆ ಚೌಕಳಿ ಬಟ್ಟೆ ಹಾಕಿಸಿದ್ದು ಆಕೆಯೇ, ಗೇರ್ ಕಡ್ಡಿಯ ತುದಿಗೆ ಗಾಲ್ಫ್ ಚೆಂಡು ಕೂರಿಸಿದ್ದೂ ಆಕೆಯೇ. ಗುಳಿಗುಳಿಯಾದ ಆ ಚೆಂಡಿನ ಮಾದರಿಯ ನಾಬುಗಳು ಇಂದಿಗೂ ಮಾರಾಟವಾಗುತ್ತವೆ. ಅದು ನೋಡಲು ತಮಾಷೆಯಾಗಿದ್ದರೂ ಕೈಗೆ ಹಿತ: ದುಂಡಗಿರುವುದರಿಂದ ಯಾವ ಕಡೆಯಿಂದ ಹಿಡಿದರೂ ಒಂದೇ, ಗುಳಿಗಳಿಂದ ಬೆವರಿದ ಕೈಯೂ ಜಾರದು.

ಆಕಾರಕ್ಕಿಂತ ದೊಡ್ಡ ವಿಷಯ ತೂಕ. ಗೇರ್ ಹಾಕುವಾಗ ಕಡ್ಡಿಯ ಬುಡ ಒಂದು ಕೇಬಲನ್ನೋ ರಾಡನ್ನೋ ದೂಡುತ್ತದೆ. ಗೇರ್‌ಬಾಕ್ಸಿನೊಳಗೆ ಒಂದು ಫೋರ್ಕು ಹಲ್ಲಿನ ಬಳೆಯೊಂದನ್ನು ಪಕ್ಕಕ್ಕೆ ಸರಿಸುತ್ತದೆ. ಮೊದಲು ಸಿಂಕ್ರೊ ರಿಂಗ್ ಉಜ್ಜಿ ಎರಡು ಭಾಗಗಳ ವೇಗವನ್ನು ಒಂದು ಮಾಡಬೇಕು, ಆಮೇಲೆ ಹಲ್ಲಿಗೆ ಹಲ್ಲು ಕೂಡಬೇಕು, ಕೊನೆಗೆ ಸ್ಪ್ರಿಂಗ್ ಹೊತ್ತ ಪುಟ್ಟ ಗುಂಡೊಂದು ಗುಳಿಗೆ ಬಿದ್ದು ಗೇರನ್ನು ಹಿಡಿದಿಡಬೇಕು. ಕೈಗೆ 'ಕಟಕ್' ಎಂದು ಅನಿಸುವುದು ಈ ಸಣ್ಣ ತಡೆಗಳೇ. ನಾಬ್ ಹಗುರವಾಗಿದ್ದರೆ ಪ್ರತಿಯೊಂದು ತಡೆಯನ್ನೂ ಕೈಯೇ ದಾಟಿಸಬೇಕು. ಭಾರವಾಗಿದ್ದರೆ, ಒಮ್ಮೆ ಹೊರಟ ನಾಬ್ ತನ್ನ ಓಟದ ಬಲದಿಂದಲೇ ಒಂದಿಷ್ಟನ್ನು ದಾಟಿಕೊಂಡು ಹೋಗುತ್ತದೆ. 'ಗೇರ್ ಬೆಣ್ಣೆ ಥರ ಬೀಳ್ತಿದೆ' ಎನ್ನುವವರು ಹೇಳುತ್ತಿರುವುದು ಇದನ್ನೇ.

ಎಷ್ಟು ಭಾರ? ಐದು ಸೆಂಟಿಮೀಟರ್ ಅಡ್ಡಳತೆಯ ಗಟ್ಟಿ ಗುಂಡೊಂದನ್ನು ಊಹಿಸಿಕೊಂಡರೆ, ನಡುವಿನ ತೂತು ಬಿಟ್ಟು ಲೆಕ್ಕ ಹಾಕಿದಾಗ, ಸ್ಟೇನ್‌ಲೆಸ್ ಸ್ಟೀಲಿನದು ಅರ್ಧ ಕೇಜಿ ದಾಟುತ್ತದೆ. ಹಿತ್ತಾಳೆ ಅದಕ್ಕೂ ಹೆಚ್ಚು. ಟೈಟಾನಿಯಂ ಸುಮಾರು 295 ಗ್ರಾಂ, ಅಲ್ಯೂಮಿನಿಯಂ 175ರ ಆಸುಪಾಸು. ನಾಬ್ ಮಾಡುವವರು ಮೆಚ್ಚುವ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು 93 ಗ್ರಾಂ. ಬೀಟೆ ಮರದ್ದಾದರೆ 55 ಗ್ರಾಂ ಅಕ್ಕಪಕ್ಕ. ಅಂಗಡಿಯಲ್ಲಿ ಒಂದೇ ಗಾತ್ರಕ್ಕೆ ಕಾಣುವ ಎರಡು ಗುಂಡುಗಳ ನಡುವೆ ಒಂಬತ್ತು ಪಟ್ಟು ವ್ಯತ್ಯಾಸ ಇರಬಹುದು.

ಭಾರದ ನಾಬಿನ ಹಿತ ಮನಸ್ಸಿನ ಭ್ರಮೆಯಲ್ಲ ಎನ್ನುವುದಕ್ಕೆ ಹೋಂಡಾ ಕಂಪನಿಯೇ ಸಾಕ್ಷಿ. ಸಿವಿಕ್ ಟೈಪ್ ಆರ್ ಕಾರಿನ 2020ರ ಪರಿಷ್ಕೃತ ಆವೃತ್ತಿಯಲ್ಲಿ ಅದು ದುಂಡನೆಯ ನಾಬ್ ತೆಗೆದು ಹನಿಯಾಕಾರದ ಅಲ್ಯೂಮಿನಿಯಂ ನಾಬ್ ಹಾಕಿತು. ಅದರೊಳಗೆ 90 ಗ್ರಾಂ ತೂಕದ ತುಂಡೊಂದನ್ನು ಬೇಕೆಂದೇ ಸೇರಿಸಿತು. ಇದಕ್ಕೆ ತದ್ವಿರುದ್ಧ ಪೋರ್ಷೆ 917. 1970ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟದಲ್ಲಿ ಪೋರ್ಷೆಗೆ ಮೊದಲ ಬಾರಿ ಅಗ್ರಸ್ಥಾನ ತಂದ ಕಾರು ಅದು. ಅದರ ಗೇರ್ ಗುಂಡು ಬೆಂಡಿನಷ್ಟು ಹಗುರವಾದ ಬಾಲ್ಸಾ ಮರದ್ದು. ಆ ಎಂಜಿನಿಯರರಿಗೆ ಒಂದೊಂದು ಗ್ರಾಮೂ ಲೆಕ್ಕ. ಮುಂದೆ ಕರೇರಾ ಜಿಟಿ ಎಂಬ ದುಬಾರಿ ಕಾರಿನಲ್ಲಿ ಪೋರ್ಷೆ ಅದರ ನೆನಪಿಗೆ ಮರದ ಗುಂಡನ್ನೇ ಇಟ್ಟಿತು. ಓಟದ ಕಾರಿಗೆ ಹಗುರ ಸರಿ. ದಿನವೂ ಸಿಲ್ಕ್ ಬೋರ್ಡ್ ಕಡೆಯ ಜಾಮಿನಲ್ಲಿ ಒಂದು, ಎರಡು, ಮತ್ತೆ ಒಂದು ಎಂದು ಗೇರ್ ಹಾಕುವ ಕೈಗೆ ತುಸು ಭಾರವೇ ಉಪಕಾರ.

ತುಸು ಎನ್ನುವುದು ಮುಖ್ಯ. ಅರ್ಧ ಕೇಜಿಯ ಗುಂಡನ್ನು ಬುಡದ ಬುಷ್ ಸವೆದ ಹಳೆಯ ಕಡ್ಡಿಗೆ ಹಾಕಿದರೆ, ಗಾಡಿ ನಿಂತಾಗಲೂ ಅದು ತಲೆ ಆಡಿಸುತ್ತ ಕಟಕಟ ಎನ್ನುತ್ತದೆ. ಗೇರ್ ಬೀಳುವಾಗ ಕರ್ರೆಂದು ಸದ್ದಾಗುತ್ತಿದ್ದರೆ ತೊಂದರೆ ಇರುವುದು ಕ್ಲಚ್ಚಿನಲ್ಲಿ ಅಥವಾ ಸಿಂಕ್ರೊದಲ್ಲಿ. ಭಾರದ ನಾಬ್ ಅದನ್ನು ರಿಪೇರಿ ಮಾಡುವುದಿಲ್ಲ, ಸ್ವಲ್ಪ ದಿನ ಮರೆಮಾಚುತ್ತದೆ ಅಷ್ಟೆ. ಹೊಸ ನಾಬ್ ಹಿತವಾಗಿದೆಯೆಂದು ಅದರ ಮೇಲೆ ಕೈ ಊರಿಕೊಂಡೇ ಓಡಿಸುವುದೂ ಬೇಡ. ಆ ಒತ್ತಡ ನೇರ ಫೋರ್ಕಿಗೆ ಹೋಗಿ, ತಿರುಗುತ್ತಿರುವ ಬಳೆಗೆ ಅದು ಉಜ್ಜಿ ಸವೆಯುತ್ತದೆ.

ಎತ್ತರವೂ ಕೆಲಸ ಮಾಡುತ್ತದೆ. ಕಡ್ಡಿ ತಿರುಗುವ ಬಿಂದುವಿನಿಂದ ಅಂಗೈಗೆ 25 ಸೆಂಟಿಮೀಟರ್ ಇದ್ದು, ಹೊಸ ನಾಬ್ ಎರಡೂವರೆ ಸೆಂಟಿಮೀಟರ್ ಎತ್ತರವಿದ್ದರೆ ಕೈ ಶೇ. 10ರಷ್ಟು ಹೆಚ್ಚು ದೂರ ಹೋಗಬೇಕು, ಬಲ ಮಾತ್ರ ಸುಮಾರು ಶೇ. 9 ಕಡಿಮೆ ಸಾಕು. ಗಿಡ್ಡ ನಾಬಿನಲ್ಲಿ ಇದು ಉಲ್ಟಾ. ಏತದ ಉದ್ದ ಕೊಂಬು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಬಿಸಿಲು. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಮರದ ನೆರಳಿಲ್ಲದ ಕಡೆ ಎರಡು ಗಂಟೆ ನಿಂತ ಕಾರಿನ ಸ್ಟೀಲ್ ಗುಂಡನ್ನು ಒಮ್ಮೆ ಹಿಡಿದವರು ಮತ್ತೆ ಹಿಡಿಯುವಾಗ ಕರ್ಚೀಫು ಹುಡುಕುತ್ತಾರೆ. ಪ್ಲಾಸ್ಟಿಕ್ಕೂ ಅಷ್ಟೇ ಕಾದಿರುತ್ತದೆ. ಆದರೆ ಲೋಹ ತನ್ನ ಬಿಸಿಯನ್ನು ಅಂಗೈಗೆ ಸರಕ್ಕನೆ ದಾಟಿಸುತ್ತದೆ, ಪ್ಲಾಸ್ಟಿಕ್ಕು, ಮರಗಳು ನಿಧಾನವಾಗಿ. ಮಡಿಕೇರಿಯ ಡಿಸೆಂಬರ್ ಬೆಳಿಗ್ಗೆ ಇದೇ ಗುಂಡು ಮಂಜುಗಡ್ಡೆ. ಆದ್ದರಿಂದ ಬಯಲುಸೀಮೆಯವರಿಗೆ ಬರಿ ಲೋಹದ ನಾಬ್ ಹಾಕಿಸಿ ಎಂದು ಯಾರೂ ಹೇಳಬಾರದು. ಒಳಗೆ ಲೋಹ, ಹೊರಗೆ ಡೆಲ್ರಿನ್ ಅಥವಾ ಅಸಲಿ ಚರ್ಮ ಇರುವುದು ವಾಸಿ.

ಇಷ್ಟೆಲ್ಲ ನೋಡಿ ಆರಿಸಿದರೂ ಕೊನೆಗೆ ಕೆಲಸ ಕೆಡುವುದು ಕಣ್ಣಿಗೆ ಕಾಣದ ಕಡೆ, ಥ್ರೆಡ್ಡಿನಲ್ಲಿ. ಕಡ್ಡಿಯ ತುದಿಯ ಸುತ್ತು ಎಲ್ಲ ಕಾರಿನಲ್ಲೂ ಒಂದೇ ಅಲ್ಲ. ಹೋಂಡಾಗಳಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್ ದಪ್ಪ, ಸುತ್ತಿನಿಂದ ಸುತ್ತಿಗೆ ಒಂದೂವರೆ ಮಿಲಿಮೀಟರ್. ಟೊಯೊಟಾಗಳಲ್ಲಿ 12 ಮಿಲಿಮೀಟರ್ ದಪ್ಪ, ಸುತ್ತಿನ ಅಂತರ ಒಂದೂಕಾಲು. ಪತ್ತೆ ಮಾಡಲು ದೊಡ್ಡ ಉಪಕರಣ ಬೇಡ. ಹಳೆಯ ನಾಬ್ ತಿರುವಿ ತೆಗೆದು, ಹಾರ್ಡ್‌ವೇರ್ ಅಂಗಡಿಯಿಂದ ತಂದ ಸಾಮಾನ್ಯ 10 ಎಂಎಂ ಥ್ರೆಡ್ಡಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಹತ್ತಿಸಿ ನೋಡಿದರಾಯಿತು. ಸಾಮಾನ್ಯ ನಟ್ಟಿನ ಸುತ್ತು ಒಂದೂವರೆಯದೇ ಆದ್ದರಿಂದ ಹೋಂಡಾದ ಕಡ್ಡಿಗೆ ಅದು ಸಲೀಸಾಗಿ ಇಳಿಯುತ್ತದೆ. ಅದೇ ಟೊಯೊಟಾಗೆ ಸಾಮಾನ್ಯ 12ರ ನಟ್ಟು ಒಂದು ಸುತ್ತು ಹೋಗಿ ಬಿಗಿಯುತ್ತದೆ; ಅದಕ್ಕೆ ಸಣ್ಣ ಸುತ್ತಿನ ನಟ್ಟೇ ಬೇಕು. ಬಿಗಿದ ಕಡೆ ಪಾನ ಹಾಕಿ ತಿರುವಿದರೆ ಕಡ್ಡಿಯ ಥ್ರೆಡ್ಡು ಹಾಳು. ನಾಬಿನದು ನೂರಿನ್ನೂರರ ಮಾತು, ಕಡ್ಡಿಯದು ಹಾಗಲ್ಲ.

ಥ್ರೆಡ್ ಹೊಂದದ ಗಿರಾಕಿಗೆ ಅಂಗಡಿಯಲ್ಲಿ ಸಿಗುವ ಉತ್ತರ 'ಯೂನಿವರ್ಸಲ್'. ಅದರೊಳಗೆ ಒಂದು ರಬ್ಬರ್ ಕೊಳವೆ, ಪಕ್ಕದಿಂದ ಮೂರು ಪುಟ್ಟ ಅಲೆನ್ ಸ್ಕ್ರೂ. ಕಡ್ಡಿಗೆ ಕೊಳವೆ ತೊಡಿಸಿ ಸ್ಕ್ರೂ ಬಿಗಿದರೆ ಆಯಿತು, ಎರಡು ನಿಮಿಷದ ಕೆಲಸ. ಬೇಸಿಗೆಯಲ್ಲಿ ಮೆತ್ತಗಾಗುವ ರಬ್ಬರನ್ನು ನಂಬಿಕೊಂಡು, ದಿನಕ್ಕೆ ನೂರಾರು ಬಾರಿ ಎಳೆದು ದೂಡುವ ವಸ್ತುವನ್ನು ಮೂರು ಸ್ಕ್ರೂಗಳ ತುದಿಯ ಮೇಲೆ ನಿಲ್ಲಿಸುವುದು ಸರಿಯಾದ ಕೆಲಸವಲ್ಲ. ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಲೋಡು ಲಾರಿ ಬರುತ್ತಿರುವಾಗ, ಮೂರರಿಂದ ಎರಡಕ್ಕೆ ಎಳೆದ ನಾಬ್ ಕೈಗೇ ಬಂದರೆ ಬೋಳು ಕಡ್ಡಿಯನ್ನು ಹಿಡಿಯಬೇಕಾಗುತ್ತದೆ. ಥ್ರೆಡ್ಡಿಗೆ ಹೊಂದುವ ಲೋಹದ ಅಡಾಪ್ಟರ್ ಜೊತೆ ಬರುವ ನಾಬಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೆಲವು ಕಾರುಗಳಲ್ಲಿ ತೆಗೆಯುವುದೇ ಬೇರೆ ಬಗೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಹಲವು ಮಾದರಿಗಳಲ್ಲಿ ನಾಬಿಗೆ ಥ್ರೆಡ್ಡೇ ಇಲ್ಲ; ಗೇರ್ ಬೂಟ್ ಎನ್ನುವ ಚರ್ಮದ ಚೀಲವನ್ನು ಮಗುಚಿದರೆ ಒಳಗೊಂದು ಕ್ಲಾಂಪ್ ಕಾಣುತ್ತದೆ. ಸುಮ್ಮನೆ ಒತ್ತಿ ಕೂರಿಸಿದ ನಾಬುಗಳೂ ಇವೆ. ಅಂಥದನ್ನು ಮುಖ ಬಗ್ಗಿಸಿಕೊಂಡು ಎಳೆದರೆ ಫಕ್ಕನೆ ಕಿತ್ತು ಬಂದು ಮೂಗಿಗೆ ಬಡಿಯುತ್ತದೆ.

ರಿವರ್ಸ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಐ20, ಡಸ್ಟರ್‌ನಂಥ ಕಾರುಗಳಲ್ಲಿ ನಾಬಿನ ಕೆಳಗಿನ ಬಳೆಯನ್ನು ಬೆರಳಿಂದ ಮೇಲೆತ್ತಿದರೆ ಮಾತ್ರ ರಿವರ್ಸ್ ಬೀಳುತ್ತದೆ. ಬಳೆಗೆ ಜಾಗ ಬಿಡದ ನಾಬ್ ಹಾಕಿದರೆ ಕಾರು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ನಾಬಿನ ತಲೆಯ ಮೇಲಿನ ಗೇರ್ ನಕ್ಷೆಯೂ ಆ ಕಾರಿನದೇ ಆಗಿರಬೇಕು. ಪೋಲೊದಲ್ಲಿ ಕೆಳಕ್ಕೆ ಒತ್ತಿ ಎಡಕ್ಕೆ, ಮುಂದಕ್ಕೆ ದೂಡಿದರೆ ರಿವರ್ಸ್; ಹಳೆಯ ಹೋಂಡಾ ಸಿಟಿಯಲ್ಲಿ ಬಲಕ್ಕೆ ಸರಿಸಿ ಹಿಂದಕ್ಕೆ. ಒಂದರ ನಕ್ಷೆ ಇನ್ನೊಂದರ ಮೇಲೆ ಕೂತರೆ ಮಾಲೀಕರಿಗೇನೂ ಆಗದು, ಅವರ ಕೈಗೆ ರೂಢಿಯಿದೆ. ಮದುವೆ ಛತ್ರದ ಮುಂದೆ ಕಾರು ನಿಲ್ಲಿಸಿಕೊಡುವ ಹುಡುಗನಿಗೆ, ತವರಿಗೆ ಬಂದ ಮಗಳಿಗೆ ಆ ನಕ್ಷೆಯೇ ಗತಿ. ಆಟೊಮ್ಯಾಟಿಕ್ ಕಾರುಗಳ ನಾಬಿನಲ್ಲಿ ಸಾಮಾನ್ಯವಾಗಿ ಬೀಗ ಬಿಡಿಸುವ ಗುಂಡಿಯೂ ಸೇರಿರುತ್ತದೆ. ಆ ಕಾರಿಗೆಂದೇ ಮಾಡಿದ್ದು ಸಿಗದಿದ್ದರೆ ಅದರ ತಂಟೆಗೆ ಹೋಗಬಾರದು.

ಚೀನಾದ ಗುಂಡಿಗೆ ದುಡ್ಡು ಸುರಿಯುವ ಬದಲು ನಮ್ಮ ಚನ್ನಪಟ್ಟಣದ ಕಡೆ ನೋಡಬಾರದೇ ಎಂಬ ಆಸೆ ಸಹಜ. ತಿರುಗುವ ಮರಕ್ಕೆ ಉಳಿ ಹಿಡಿದು ದುಂಡು ತೆಗೆಯುವುದು ಅಲ್ಲಿನ ಕೈಗಳಿಗೆ ನೀರು ಕುಡಿದಷ್ಟು ಸುಲಭ. ಆಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ, ಮೇಲೆ ಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು. ನಡುವೆ ಥ್ರೆಡ್ ಇರುವ ಹಿತ್ತಾಳೆ ಬುಷ್ ಕೂರಿಸಿದರೆ ಗೇರ್ ನಾಬ್ ಸಿದ್ಧ. ಆ ಹಿತ್ತಾಳೆಯಿಂದ ತೂಕವೂ ಒಂದಿಷ್ಟು ಬರುತ್ತದೆ. ತೊಡಕು ಇರುವುದು ಅರಗಿನಲ್ಲಿ. ಬಿಸಿಗೆ ಕರಗಿ ಹತ್ತಿದ್ದು ಬಿಸಿಗೇ ಮೆತ್ತಗಾಗುತ್ತದೆ, ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಅಂಟಂಟಾಗಬಹುದು. ಅರಗು ಆಲ್ಕೋಹಾಲಿನಲ್ಲಿಯೂ ಕರಗುವ ವಸ್ತು. ಸ್ಯಾನಿಟೈಸರ್ ಹಚ್ಚಿದ ಕೈ ನಾಲ್ಕು ದಿನ ಮುಟ್ಟಿದರೆ ಹೊಳಪು ಮಂಕಾಗುತ್ತದೆ. ಆಟಿಕೆಗೆ ಒಪ್ಪುವ ಅರಗನ್ನು ನಾಬಿಗೆ ಬಿಟ್ಟು, ಮರದ ಮೈಗೆ ಬರಿ ಎಣ್ಣೆ ಕುಡಿಸಿದ ಗುಂಡನ್ನು ಮಾಡಿಸಿಕೊಂಡರೆ ಅದು ಬಿಸಿಲಿಗೂ ಬೆವರಿಗೂ ನಿಲ್ಲುತ್ತದೆ, ವರ್ಷ ಕಳೆದಂತೆ ಅಂಗೈಯ ಎಣ್ಣೆಯಿಂದ ಬಣ್ಣ ಗಾಢವಾಗುತ್ತದೆ.

ಯಾವ ನಾಬ್ ಆದರೂ ಕೂರಿಸುವಾಗ ಮೊದಲು ಕೆಳಗೊಂದು ಲಾಕ್ ನಟ್ಟು ಇಳಿಸಿ, ನಕ್ಷೆ ಚಾಲಕನ ಕಡೆ ನೇರವಾಗುವಂತೆ ನಾಬ್ ತಿರುವಿ, ಆಮೇಲೆ ನಟ್ಟನ್ನು ಮೇಲಕ್ಕೆ ಬಿಗಿಯಬೇಕು. ಥ್ರೆಡ್ ಬಿಗಿಯುವ ಅಂಟು ಹಚ್ಚುವುದಿದ್ದರೆ ನೀಲಿಯದು, ಒಂದೇ ಹನಿ. ಕೆಂಪಿನದನ್ನು ಹಚ್ಚಿದರೆ ಮುಂದೆ ತೆಗೆಯಲು ಬಿಸಿ ತೋರಿಸಬೇಕಾಗುತ್ತದೆ. ಬೂಟಿನ ಬಾಯಿ ಹೊಸ ನಾಬಿಗೆ ಹೊಂದದೆ ಕಾಲುಚೀಲದಂತೆ ಕೆಳಗೆ ಜಾರಿದರೆ ಅದಕ್ಕೆ ಪ್ರತ್ಯೇಕ ಕಾಲರ್ ಸಿಗುತ್ತದೆ. ಅಂಗಡಿ ಮುಂದಿನಿಂದ ಕಾರು ತೆಗೆಯುವ ಮೊದಲು ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕ್ಲಚ್ ತುಳಿದು ಒಂದರಿಂದ ಐದರವರೆಗೆ, ಆಮೇಲೆ ರಿವರ್ಸಿಗೆ ಹಾಕಿ ನೋಡಬೇಕು. ಮೂರು, ಐದಕ್ಕೆ ದೂಡಿದಾಗ ಬೆರಳ ಗೆಣ್ಣು ಎದುರಿನ ಎ.ಸಿ. ಸ್ವಿಚ್ಚಿಗೆ ತಾಗುತ್ತಿದ್ದರೆ ಆ ನಾಬ್ ಎತ್ತರ ಹೆಚ್ಚಾಯಿತೆಂದು ಅಲ್ಲೇ ವಾಪಸು ಕೊಡಬಹುದು. ಸಿಪ್ಪೆ ಎದ್ದ ಹಳೆಯ ನಾಬನ್ನು ಅಂಗಡಿಯವನ ಕಸದ ಬುಟ್ಟಿಗೆ ಬಿಡದೆ ಪೇಪರಿನಲ್ಲಿ ಸುತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿಯ ನಡುವಿನ ಗುಳಿಯಲ್ಲಿ ಇಟ್ಟುಕೊಂಡರೆ ಕಾರು ಮಾರುವ ದಿನ ಬೇಕಾಗುತ್ತದೆ.