ಕಡಲಡಿಯಲ್ಲಿ ಮುರಿದ 36 ಬೋಲ್ಟುಗಳು

ಕುವೆಂಪುನಗರದ ಪಂಚಮಂತ್ರ ರಸ್ತೆಯ ಕಡೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗಟ್ಟಿ ಬೋಲ್ಟು ಬೇಕೆಂದರೆ, ತಲೆಯ ಮೇಲೆ 8.8 ಅಥವಾ 10.9 ಎಂದು ಒತ್ತಿರುವುದನ್ನು ತೆಗೆದುಕೊಡುತ್ತಾರೆ. ಅಂಕಿ ದೊಡ್ಡದಾದಷ್ಟೂ ಉಕ್ಕು ಹೆಚ್ಚು ಎಳೆತ ತಾಳುತ್ತದೆ. ಗಟ್ಟಿಯಾದದ್ದು ಬಾಳಿಕೆ ಬರುತ್ತದೆಂಬುದು ನಮ್ಮೆಲ್ಲರ ಲೆಕ್ಕ. ಕಡಲಡಿಯಲ್ಲಿ ಆ ಲೆಕ್ಕ ತಪ್ಪುತ್ತದೆ.

2012ರ ಡಿಸೆಂಬರ್. ಮೆಕ್ಸಿಕೊ ಕೊಲ್ಲಿಯಲ್ಲಿ ಕೊರೆಯುತ್ತಿದ್ದ ಹಡಗಿನ ಹೆಸರು ‘ಡಿಸ್ಕವರರ್ ಇಂಡಿಯಾ’. ತೈಲಬಾವಿಯ ಬಾಯಿ ಕಾಯುವ ಭಾರೀ ಕವಾಟದ ಮೇಲ್ಭಾಗವನ್ನು ಬಿಗಿದಿದ್ದ 36 ಬೋಲ್ಟುಗಳು ಮುರಿದು, ಆ ಭಾಗವೇ ಕಳಚಿಕೊಂಡಿತು. ಸುಮಾರು 430 ಬ್ಯಾರಲ್ ಕೊರೆತದ ದ್ರವ ಕಡಲಿಗೆ ಸೇರಿತು.

ಬೋಲ್ಟುಗಳು ಮುರಿದದ್ದು ಮಾಮೂಲಿ ತುಕ್ಕಿನಿಂದಲ್ಲ. ತುಕ್ಕು ತಡೆಯಲೆಂದು ಹಾಕಿದ ಸತುವಿನ ಲೇಪದಿಂದಲೇ ಕೇಡು ಶುರುವಾಗಿತ್ತು. ಲೇಪಕ್ಕೆ ಮೊದಲು ಬೋಲ್ಟನ್ನು ಆಮ್ಲದಲ್ಲಿ ತೊಳೆಯುತ್ತಾರೆ, ಆಮೇಲೆ ವಿದ್ಯುತ್ ಹರಿಸಿ ಸತುವು ಹತ್ತಿಸುತ್ತಾರೆ. ಎರಡೂ ಸಲ ಅದರ ಮೈಮೇಲೆ ಜಲಜನಕ ಹುಟ್ಟುತ್ತದೆ. ತೀರಾ ಚಿಕ್ಕ ಪರಮಾಣುವಾದ ಅದು ಉಕ್ಕಿನೊಳಗೆ ನುಸುಳಿ, ಎಳೆತ ಹೆಚ್ಚಿರುವ ಎಡೆಯಲ್ಲಿ ಸೇರಿಕೊಳ್ಳುತ್ತದೆ. ಮೆತ್ತನೆಯ ಉಕ್ಕು ತುಸು ಹಿಗ್ಗಿ ತಾಳಿಕೊಳ್ಳುತ್ತದೆ. ಗಡಸು ಉಕ್ಕಿಗೆ ಹಿಗ್ಗುವ ಗುಣವೇ ಕಡಿಮೆ, ಬಿರುಕು ಬಿಡುತ್ತದೆ. ಅದೂ ಬಿಗಿದ ಕೂಡಲೇ ಅಲ್ಲ. ದಿನಗಳೋ ವರ್ಷಗಳೋ ಕಳೆದ ಮೇಲೆ. ನನಗೆ ಅತ್ಯಂತ ಭಯ ಹುಟ್ಟಿಸುವುದು ಈ ತಡವೇ. ಪರೀಕ್ಷೆಯಲ್ಲಿ ಪಾಸಾದ ಬೋಲ್ಟು, ಯಾರ ಕೈಯೂ ಎಟುಕದ ಆಳದಲ್ಲಿ ಕೈಕೊಡುತ್ತದೆ.

ಮಾಮೂಲಿ ಬೋಲ್ಟು ಮುರಿಯುವ ಮುನ್ನ ಆ ಎಡೆಯಲ್ಲಿ ಸಣ್ಣಗಾಗುತ್ತದೆ. ಜಲಜನಕ ಹೊಕ್ಕ ಬೋಲ್ಟು ಹಾಗಲ್ಲ, ಅಡ್ಡಲಾಗಿ ಪಟ್ಟನೆ ತುಂಡಾಗುತ್ತದೆ. ಮುರಿದ ಮುಖವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಕಲ್ಲುಸಕ್ಕರೆಯ ಹಾಗೆ ಹರಳು ಹರಳು. ಆಮ್ಲದಲ್ಲಿ ಅದ್ದಿದ ಕಬ್ಬಿಣ ಪೆಡಸಾಗುವುದನ್ನು ವಿಲಿಯಂ ಜಾನ್ಸನ್ ಎಂಬಾತ 1875ರಲ್ಲೇ ಬರೆದಿಟ್ಟಿದ್ದ.

ಕಡಲೊಳಗೆ ಇಳಿದ ಮೇಲೂ ಜಲಜನಕ ಬಿಡುವುದಿಲ್ಲ. ನಮ್ಮ ಮನೆಯ ಗೀಸರಿನೊಳಗೆ ಮೆಗ್ನೀಸಿಯಂ ಸರಳೊಂದು ತಾನು ಸವೆದು ತೊಟ್ಟಿಯನ್ನು ಕಾಯುತ್ತದಲ್ಲ, ಹಾಗೆಯೇ ಅಲ್ಲಿ ಅಲ್ಯೂಮಿನಿಯಂ ಗಟ್ಟಿಗಳನ್ನು ಕಟ್ಟಿರುತ್ತಾರೆ. ಅವು ಉಕ್ಕನ್ನು ತುಕ್ಕಿನಿಂದ ಕಾಯುತ್ತಲೇ ಅದರ ಮೈಮೇಲೆ ಮತ್ತೆ ಜಲಜನಕ ಹುಟ್ಟಿಸುತ್ತವೆ. ಅದಕ್ಕೇ ಕಡಲಡಿಯ ಬೋಲ್ಟುಗಳಿಗೆ ಗಡಸುತನದ ಮೇಲ್ಮಿತಿ ಇರಲೇಬೇಕು. ಕಾಕಿನಾಡದಾಚೆ ಕೃಷ್ಣಾ-ಗೋದಾವರಿ ಕಣಿವೆಯ ಆಳಗಡಲಿನಿಂದ 2024ರ ಜನವರಿಯಲ್ಲಿ ಒಎನ್‌ಜಿಸಿ ತೈಲ ತೆಗೆಯತೊಡಗಿದೆ. ಈ ಅಪಾಯ ಇನ್ನು ದೂರದ ಕಡಲಿನ ಸುದ್ದಿಯಲ್ಲ.

ಲೇಪವಾದ ಕೆಲವೇ ಗಂಟೆಗಳೊಳಗೆ ಬೋಲ್ಟನ್ನು ಒಲೆಯಲ್ಲಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿದರೆ ಒಳಸೇರಿದ ಜಲಜನಕದ ಬಹುಪಾಲು ಹೊರಬರುತ್ತದೆ. ಆ 36 ಬೋಲ್ಟುಗಳನ್ನು ಹಾಗೆ ಕಾಯಿಸಿರಲಿಲ್ಲ. ಕಾಯಿಸಲೇಬೇಕೆನ್ನುವ 2007ರ ನಿಯಮ ಇದ್ದರೂ, ಲೇಪ ಹಾಕಿದವರು ಅದೇ ನಿಯಮದ 1998ರ ಹಳೆಯ ಪ್ರತಿಯನ್ನೇ ಮುಂದಿಟ್ಟುಕೊಂಡಿದ್ದರು.